ತಾಳಗುಂದದ ದಾರಿಯಲ್ಲಿ



ನಾನು ಈ ಶಾಲೆಯ ಎರಡನೇ ತಂಡದವನು. ಒಂಬತ್ತನೇ ತರಗತಿಯಲ್ಲಿ ಇತಿಹಾಸದ ಮೇಷ್ಟ್ರು ನಮ್ಮನ್ನು ತಾಳಗುಂದಕ್ಕೆ ಪ್ರವಾಸ ಹೊರಡಿಸಿದರು. ತಲೆಗೆ ಐದು ರೂಪಾಯಿ. ಅಪ್ಪನನ್ನು ಕೇಳಲಾಗದೆ, ಜ್ವರವೆಂದು ಹೇಳಿಕಳಿಸಿ ಮನೆಯಲ್ಲಿ ಮಲಗಿದೆ.

ನಿವೃತ್ತಿಯ ಮೇಲೆ, ಹೋದ ಕಾರ್ತಿಕದಲ್ಲಿ, ಬೈಕ್ ಹತ್ತಿ ಒಬ್ಬನೇ ಶಿಕಾರಿಪುರದ ಕಡೆ ಹೊರಟೆ. ಹೆದ್ದಾರಿ ಬಿಟ್ಟು ಹಳ್ಳಿ ದಾರಿ ಹಿಡಿದೆ. ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ನನ್ನ ವಯಸ್ಸಿಗೆ ಆ ನಿಧಾನವೇ ಹಿತ. ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಮೂರು ಗರ್ಭಗುಡಿಗಳನ್ನು ನೋಡಿಕೊಂಡು ತಾಳಗುಂದ ಮುಟ್ಟಿದೆ.

ಪ್ರಣವೇಶ್ವರ ಗುಡಿಯ ಮುಂದೆ ಆ ಕಂಬ. ಐದನೇ ಶತಮಾನದ್ದು, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ. ಓದಲು ನನಗೆ ಬಾರದು. ಆದರೂ ಅದರ ಕತೆ ಮೇಷ್ಟ್ರ ದನಿಯಲ್ಲೇ ಕೇಳಿಸಿತು: ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು. ಅವನು ಅವಮಾನಕ್ಕೆ ಎದುರು ನಿಂತ. ನಾನು ಕಂಬಳಿ ಹೊದ್ದು ಮಲಗಿದ್ದೆ.

ದುಡ್ಡಿಲ್ಲದ ಇಬ್ಬರಿಗೆ ಮೇಷ್ಟ್ರೇ ಕಟ್ಟಿದ್ದರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ಮೇಷ್ಟ್ರೇ, ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಆವತ್ತು ನನಗೆ ಜ್ವರ ಇರಲಿಲ್ಲ.