ಫ್ಲ್ಯಾಶ್ ಮೆಮೊರಿ: ಬರೆಯೋದು ಸುಲಭ, ಅಳಿಸೋದೇ ಕಷ್ಟ

(ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಊಟಕ್ಕೆ ಮುಂಚೆ ಮಾತಾಡೋನನ್ನ ಜನ ಎಷ್ಟು ಹೊತ್ತು ಸಹಿಸ್ತಾರೆ ಅಂತ ನನಗೂ ಗೊತ್ತು. ನೇರ ವಿಷಯಕ್ಕೆ ಬರ್ತೀನಿ.

ನಮ್ಮಲ್ಲಿ ಡೈರಿ ಫಾರ್ಮಿನಲ್ಲಿ ದುಡಿಯೋರಿದ್ದಾರೆ, ರಿಪೇರಿ ಬೆಂಚಿನ ಮುಂದೆ ಕೂರೋರಿದ್ದಾರೆ. ಹ್ಯಾಮಿಲ್ಟನ್ ಕಡೆಯವರಿಗೆ ಕರೆಂಟ್ ಬೇಲಿ ಹೊಸದಲ್ಲ. 1930ರ ದಶಕದಲ್ಲಿ ಬಿಲ್ ಗ್ಯಾಲಘರ್ ತಮ್ಮ ಕಾರಿಗೆ ಮೈ ಉಜ್ಜುತ್ತಿದ್ದ ಕುದುರೆಯನ್ನು ದೂರವಿಡಲು ಮಾಡಿದ ಉಪಾಯದಿಂದ ಆ ಉದ್ಯಮ ಶುರುವಾಯಿತು ಅಂತ ಹೇಳ್ತಾರೆ. ಇವತ್ತಿನ ಬೇಲಿ ಪೆಟ್ಟಿಗೆಯೊಳಗೆ ಮೈಕ್ರೋಕಂಟ್ರೋಲರ್ ಕೂತಿರುತ್ತೆ. ಅದರ ಪ್ರೋಗ್ರಾಂ, ಎಷ್ಟೋ ಸಲ ಸೆಟ್ಟಿಂಗ್ ಕೂಡ, ಫ್ಲ್ಯಾಶ್ ಮೆಮೊರಿಯಲ್ಲಿರುತ್ತೆ. ರಾತ್ರಿ ಅದು ಕೆಟ್ಟರೆ ಬೆಳಿಗ್ಗೆ ದನ ರಸ್ತೆ ಮೇಲೆ!

ಫ್ಲ್ಯಾಶನ್ನು ಜಗತ್ತಿಗೆ ತೋರಿಸಿದವರು ತೋಷಿಬಾದ ಫುಜಿಯೋ ಮಸುಒಕಾ, 1984ರಲ್ಲಿ. ಅದಕ್ಕೂ ಮೊದಲಿನ ಇಪಿರಾಮ್ ಚಿಪ್ಪಿಗೆ ಗಾಜಿನ ಕಿಟಕಿ ಇರ್ತಿತ್ತು. ಅಳಿಸಬೇಕಾದರೆ ನೇರಳಾತೀತ ದೀಪದ ಕೆಳಗಿಟ್ಟು ನಿಮಿಷಗಟ್ಟಲೆ ಕಾಯಬೇಕಿತ್ತು.

ಫ್ಲ್ಯಾಶ್ ಅಂದರೆ ಸುಣ್ಣ ಹೊಡೆದ ಗೋಡೆ ಅಂದ್ಕೊಳ್ಳಿ. ಅಳಿಸಿದಾಗ ಎಲ್ಲ ಬಿಟ್ಟೂ 1. ಬರೆಯೋದು ಅಂದರೆ ಬೇಕಾದ ಕಡೆ ಇದ್ದಿಲಿನಿಂದ 0 ಮಾಡೋದು. ಆ ಒಂದು 0 ಮತ್ತೆ 1 ಆಗಬೇಕೆಂದರೆ ಅಷ್ಟನ್ನೇ ಒರೆಸಲಾಗದು, ಇಡೀ ಗೋಡೆಗೆ ಸುಣ್ಣ ಹೊಡೀಬೇಕು. ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ, ನಾವು ಹೆಚ್ಚಾಗಿ ನೋಡೋ 64 ಕೆಬಿ ಮಾದರಿಯಲ್ಲಿ, ಒಂದು ಗೋಡೆ, ಅಂದರೆ ಪೇಜ್, 1 ಕೆಬಿ. ಅಳಿಸಲು 20ರಿಂದ 40 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಪ್ರೊಸೆಸರ್ ಫ್ಲ್ಯಾಶಿನಿಂದ ಮುಂದಿನ ಸೂಚನೆ ಓದಲಾಗದೆ ನಿಂತೇ ಇರುತ್ತೆ.

ಪ್ರತಿ ಸಲ ಎಲೆಕ್ಟ್ರಾನುಗಳನ್ನು ತೆಳು ಆಕ್ಸೈಡ್ ಪದರದ ಮೂಲಕ ತಳ್ಳಿ ಎಳೆಯೋದರಿಂದ ಆ ಪದರ ಸವೆಯುತ್ತೆ. ತಯಾರಕರು ಕೊಡೋ ಭರವಸೆ 10,000 ಸಲ. ಜಾಸ್ತಿ ಅನಿಸುತ್ತಲ್ವಾ? ಲೆಕ್ಕ ಹಾಕಿ: ನಿಮಿಷಕ್ಕೊಮ್ಮೆ ಅಳಿಸಿ ಬರೆದರೆ ಏಳು ದಿನಕ್ಕೆ ಮುಗೀತು. ಗಂಟೆಗೊಮ್ಮೆಯಾದರೆ ಸುಮಾರು 14 ತಿಂಗಳು. ವಾರಂಟಿ ಮುಗಿದ ಮೇಲೆ, ಯಾರೂ ನಂಬದ ಹೊತ್ತಿಗೆ.

ಉಪಾಯ ಸರಳ. ಅದೇ ಜಾಗದಲ್ಲಿ ಬರೀಬೇಡಿ. ಎಂಟು ಬೈಟಿನ ದಾಖಲೆಯನ್ನು ಒಂದರ ಕೆಳಗೊಂದು ಬರೆಯುತ್ತಾ ಹೋದರೆ ಒಂದು ಪೇಜಿಗೆ 128 ಹಿಡಿಯುತ್ತೆ. ಅಳಿಸೋದು 128 ದಾಖಲೆಗೊಮ್ಮೆ ಮಾತ್ರ. ನಿಮಿಷಕ್ಕೊಮ್ಮೆ ಬರೆದರೂ ಏಳು ದಿನದ ಆಯುಷ್ಯ ಎರಡು ವರ್ಷ ದಾಟುತ್ತೆ.

ಇನ್ನು ಅಳಿಸುವಾಗಲೇ ಕರೆಂಟ್ ಹೋದರೆ? ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದಕ್ಕೇ ಎರಡು ಪೇಜ್ ಇಟ್ಟುಕೊಳ್ಳಿ. ಹೊಸದನ್ನು ಎರಡನೆಯದರಲ್ಲಿ ಪೂರ್ತಿ ಬರೆದು, ಓದಿ ತಾಳೆ ನೋಡಿ, ಕೊನೆಗೆ 'ಇದು ಸರಿ' ಅನ್ನೋ ಗುರುತು ಹಾಕಿ. ಆಮೇಲಷ್ಟೇ ಹಳೆಯದನ್ನು ಅಳಿಸಿ. ವೋಲ್ಟೇಜ್ ಇಳಿದರೆ ಚಿಪ್ಪನ್ನು ತಡೆಯೋ ಬ್ರೌನ್‌ಔಟ್ ವ್ಯವಸ್ಥೆ ಇದ್ದರೆ ಅದನ್ನು ಆಫ್ ಮಾಡಬೇಡಿ. ಬ್ಯಾಟರಿ ಉಳಿಸ್ತೀನಿ ಅಂತ ಆಫ್ ಮಾಡೋದು ನನ್ನ ಪ್ರಕಾರ ಕಾಸಿನ ಜಿಪುಣತನ.

ರಿಪೇರಿಯವರಿಗೆ ಇನ್ನೊಂದು ಮಾತು. ಈ ಚಿಪ್ಪುಗಳಿಗೆ ಓದದಂತೆ ಬೀಗ ಹಾಕಿರ್ತಾರೆ. ಪ್ರೋಗ್ರಾಮರ್ ಜೋಡಿಸಿದಾಗ 'ಬೀಗ ತೆಗೆಯಲೇ?' ಅನ್ನೋ ಪ್ರಶ್ನೆ ಬಂದರೆ ಓಕೆ ಒತ್ತೋ ಮುಂಚೆ ಯೋಚಿಸಿ. ಬೀಗ ತೆಗೆದ ಕೂಡಲೇ ಚಿಪ್ ತನ್ನ ಪ್ರೋಗ್ರಾಂ ಎಲ್ಲವನ್ನೂ ತಾನೇ ಅಳಿಸಿಕೊಳ್ಳುತ್ತೆ. ಮೂಲ ಫರ್ಮ್‌ವೇರ್ ಫೈಲ್ ಕೈಯಲ್ಲಿಲ್ಲದಿದ್ದರೆ ಆ ಬೋರ್ಡನ್ನು ಹಾಗೇ ಪ್ಯಾಕ್ ಮಾಡಿ ತಯಾರಕರಿಗೆ ಕಳಿಸಿ.