ಮೋಡದೊಳಗೆ ಮೈ ಹೇಳುವ ಸುಳ್ಳು

(ಉಪನ್ಯಾಸವೊಂದರ ಬರಹ ರೂಪ)



ಸಣ್ಣ ವಿಮಾನವೊಂದು ಬಿತ್ತೆಂಬ ಸುದ್ದಿ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಎಂಜಿನ್ ಕೈಕೊಟ್ಟಿತೇ?' ಎಂಬುದು. ಬಸ್ಸು ಕಾರುಗಳ ಅನುಭವದಿಂದ ಹುಟ್ಟಿದ ಪ್ರಶ್ನೆ ಅದು. ಆದರೆ ಎಂಜಿನ್ ನಿಂತ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ರೆಕ್ಕೆಗಳ ಬಲದಿಂದ ತೇಲುತ್ತ ಇಳಿಯುತ್ತದೆ. ಕೆಳಗೆ ಸಮತಟ್ಟಾದ ಹೊಲ ಸಿಕ್ಕರೆ ಬದುಕುವ ಅವಕಾಶ ಉಂಟು. ಅದಕ್ಕಿಂತ ಘೋರವಾದ ಇನ್ನೊಂದು ಬಗೆಯ ಅಪಘಾತವಿದೆ. ಅದರಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತಿರುತ್ತದೆ. ರೆಕ್ಕೆ, ಬಾಲ ಎಲ್ಲವೂ ಸರಿಯಾಗಿರುತ್ತವೆ. ಕೆಡುವುದು ಮೇಲೆ ಯಾವುದು, ಕೆಳಗೆ ಯಾವುದು ಎಂಬ ಪೈಲಟನ ಅರಿವು ಮಾತ್ರ.

ಒಂದು ಚೊಂಬಿನಲ್ಲಿ ನೀರು ತುಂಬಿ ಮೆಲ್ಲಗೆ ತಿರುಗಿಸಿ ನೋಡಿ. ಮೊದಲು ಚೊಂಬು ತಿರುಗುತ್ತದೆ, ನೀರು ಹಿಂದುಳಿಯುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಅದರ ಜೊತೆ ಸುತ್ತತೊಡಗುತ್ತದೆ. ಚೊಂಬನ್ನು ನಿಲ್ಲಿಸಿದರೆ ನೀರು ಮಾತ್ರ ಇನ್ನೂ ಕೊಂಚ ಹೊತ್ತು ಸುತ್ತುತ್ತಿರುತ್ತದೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ನಾಳಗಳಿವೆ. ತಲೆ ಯಾವ ಕಡೆ ತಿರುಗಿತೆಂದು ಮೆದುಳಿಗೆ ಸುದ್ದಿ ಕೊಡುವವು ಅವು. ಚೊಂಬಿನ ನೀರಿಗೆ ಆಗುವುದೇ ಆ ದ್ರವಕ್ಕೂ ಆಗುತ್ತದೆ. ಬಹಳ ಹೊತ್ತು ಒಂದೇ ಸಮನೆ ತಿರುಗುತ್ತಿದ್ದರೆ 'ತಿರುಗುತ್ತಿಲ್ಲ' ಎಂದು ಅದು ಹೇಳುತ್ತದೆ. ನಿಂತಾಗ 'ಎದುರು ದಿಕ್ಕಿಗೆ ತಿರುಗುತ್ತಿದ್ದೀಯೆ' ಎನ್ನುತ್ತದೆ. ನೆಲದ ಮೇಲೆ ಈ ಸುಳ್ಳು ನಮ್ಮನ್ನು ಕಾಡುವುದು ಕಡಿಮೆ, ಏಕೆಂದರೆ ಕಣ್ಣು ಅದನ್ನು ತಿದ್ದುತ್ತದೆ. ಮೋಡ, ಮಂಜು, ಕಗ್ಗತ್ತಲಿನಲ್ಲಿ ದಿಗಂತ ಮರೆಯಾದಾಗ ತಿದ್ದುವವರೇ ಇರುವುದಿಲ್ಲ.

ಆಗ ನಡೆಯುವುದಿಷ್ಟು. ವಿಮಾನ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ತಿರುಗತೊಡಗುತ್ತದೆ. ಪೈಲಟನಿಗೆ ನೆಟ್ಟಗೆ ಹೋಗುತ್ತಿರುವ ಭಾವನೆ. ವಾಲಿದ ವಿಮಾನದ ಮೂತಿ ಇಳಿಯುತ್ತದೆ, ವೇಗ ಏರುತ್ತದೆ. ಗಾಬರಿಯಿಂದ ಆತ ಮೂತಿಯನ್ನು ಮೇಲೆತ್ತಲು ಹಿಡಿ ಎಳೆಯುತ್ತಾನೆ. ವಾಲಿದ್ದನ್ನು ಸರಿಪಡಿಸದೆ ಹಾಗೆ ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ಸುರುಳಿ ಸುತ್ತುತ್ತ ವಿಮಾನ ನೆಲ ಸೇರುತ್ತದೆ.

ಒಳಗಿವಿಯ ಈ ರಹಸ್ಯವನ್ನು ಬಿಡಿಸಿ 1914ರ ನೊಬೆಲ್ ಬಹುಮಾನ ಪಡೆದವನು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ಮನುಷ್ಯನನ್ನು ಕೂರಿಸಿ ತಿರುಗಿಸುವ ಅವನ ಕುರ್ಚಿ, ಪೈಲಟರ ಈ ಭ್ರಮೆಯನ್ನು ಅವರಿಗೇ ತೋರಿಸಿಕೊಡಲು ಮುಂದೆ ನೆರವಾಯಿತು. ಮೈಯನ್ನು ನಂಬುವಂತಿಲ್ಲವಾದರೆ ನಂಬುವುದು ಏನನ್ನು? ಉತ್ತರ ಮಕ್ಕಳ ಬುಗುರಿಯಲ್ಲಿತ್ತು. ರಭಸದಿಂದ ತಿರುಗುವ ಬುಗುರಿ ತನ್ನ ನಿಲುವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದೇ ತತ್ವದ ಮೇಲೆ 'ಕೃತಕ ದಿಗಂತ' ಎಂಬ ಉಪಕರಣ ತಯಾರಾಯಿತು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟ್ಲ್, ಸುತ್ತಲೂ ಮುಚ್ಚಿದ ಆಸನದಲ್ಲಿ ಕುಳಿತು, ಹೊರಗಿನದೇನನ್ನೂ ನೋಡದೆ, ಉಪಕರಣಗಳನ್ನಷ್ಟೇ ನಂಬಿ ವಿಮಾನವನ್ನು ಹಾರಿಸಿ ಇಳಿಸಿದ.

ಅಂದರೆ ಮದ್ದು ಸಿಕ್ಕಿ ಒಂದು ಶತಮಾನವೇ ಆಗುತ್ತ ಬಂತು. ಆದರೆ ಉಪಕರಣವಿದ್ದರೆ ಸಾಲದು. ಮೈಯೆಲ್ಲ 'ಸುಳ್ಳು, ಸುಳ್ಳು' ಎಂದು ಕೂಗುತ್ತಿರುವಾಗ ಮುಳ್ಳು ತೋರಿಸಿದ್ದನ್ನೇ ನಂಬುವ ಅಭ್ಯಾಸ ಬೇಕು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದವರು ಆ ಅಭ್ಯಾಸವಿಲ್ಲದ 20 ಮಂದಿಯನ್ನು ಪರೀಕ್ಷೆಗೊಡ್ಡಿದರು. ಪಕ್ಕದಲ್ಲಿ ಶಿಕ್ಷಕರಿದ್ದರು, ಕಲಿಯುವವರಿಗೆ ಹೊರಗಿನ ನೋಟ ಮಾತ್ರ ಇರಲಿಲ್ಲ. ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ!

ಐದು ವರ್ಷ ಕಳೆಯಿತು. 1959ರ ಫೆಬ್ರುವರಿ 3ರ ನಡುರಾತ್ರಿ ಕಳೆದ ಮೇಲೆ, ಅಯೋವಾ ರಾಜ್ಯದ ಮೇಸನ್ ಸಿಟಿಯಿಂದ ಬೊನಾಂಜಾ ಎಂಬ ಸಣ್ಣ ವಿಮಾನವೊಂದು ಮೇಲೇರಿತು. ಒಳಗೆ ಆ ಕಾಲದ ಜನಪ್ರಿಯ ಗಾಯಕ, 22 ವರ್ಷದ ಬಡ್ಡಿ ಹಾಲಿ ಮತ್ತು ಇನ್ನಿಬ್ಬರು ಗಾಯಕರು. ಕೊರೆಯುವ ಚಳಿಯಲ್ಲಿ, ಕೆಟ್ಟ ಬಸ್ಸಿನಲ್ಲಿ ಊರೂರು ಸುತ್ತಿ ದಣಿದಿದ್ದ ತಂಡ ಅದು. ಬೇಗ ಮುಂದಿನ ಊರು ಸೇರಿ ನಿದ್ದೆ ಮಾಡಬೇಕೆಂಬುದು ಹಾಲಿಯ ಆಸೆ. 21 ವರ್ಷದ ಪೈಲಟ್ ಉಪಕರಣ ನೋಡಿ ಹಾರಿಸುವ ಅರ್ಹತೆ ಪಡೆದಿರಲಿಲ್ಲ. ಆ ವಿಮಾನದ ಕೃತಕ ದಿಗಂತವೋ ಅವನಿಗೆ ಪರಿಚಯವಿಲ್ಲದ ಮಾದರಿಯದು. ಹವೆಯ ಎಚ್ಚರಿಕೆಗಳು ಅವನಿಗೆ ಪೂರ್ತಿ ತಲುಪಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ವಿಮಾನ ಹಿಮ ಮುಚ್ಚಿದ ಹೊಲಕ್ಕೆ ಅಪ್ಪಳಿಸಿತು. ನಾಲ್ವರೂ ಸತ್ತರು.

ನಲವತ್ತು ವರ್ಷಗಳ ನಂತರ, 1999ರ ಜುಲೈ 16ರಂದು, ಮತ್ತೆ ಅದೇ ಕಥೆ. ಹತ್ಯೆಗೀಡಾದ ಅಧ್ಯಕ್ಷ ಕೆನಡಿಯ ಮಗ ಜಾನ್ ಕೆನಡಿ ತನ್ನ ಹೆಂಡತಿಯನ್ನೂ ಅವಳ ಅಕ್ಕನನ್ನೂ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟ. ಸೋದರ ಸಂಬಂಧಿಯ ಮದುವೆಗೆ ಹೋಗಬೇಕಿತ್ತು. ವಿಮಾನ ಏರುವಾಗಲೇ ರಾತ್ರಿ 8 ಗಂಟೆ 38 ನಿಮಿಷ. ಕೆಳಗೆ ಕಪ್ಪು ಸಮುದ್ರ, ಮೇಲೆ ಕಪ್ಪು ಆಕಾಶ, ನಡುವೆ ಮಬ್ಬು. ಆತನೂ ಉಪಕರಣ ಹಾರಾಟದ ಅರ್ಹತೆ ಪಡೆದವನಲ್ಲ. ಸುಮಾರು ಒಂದು ಗಂಟೆಯ ನಂತರ, ಮಾರ್ಥಾಸ್ ವಿನ್ಯಾರ್ಡ್ ದ್ವೀಪ ಇನ್ನೇನು ಬಂತೆನ್ನುವಾಗ ವಿಮಾನ ನೀರಿಗೆ ಬಿತ್ತು. ವಿಮಾನದಲ್ಲಿ ದೋಷ ಕಾಣಲಿಲ್ಲ. ದಿಕ್ಕಿನ ಭ್ರಮೆಯಿಂದ ಹತೋಟಿ ತಪ್ಪಿತು, ಮಬ್ಬು ಮತ್ತು ಕತ್ತಲು ಅದಕ್ಕೆ ಕೂಡಿಬಂದವು ಎಂದು ತನಿಖೆ ತೀರ್ಮಾನಿಸಿತು.

ಈ ಎರಡೂ ಕಥೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದುರಂತದ ಬೀಜ ಬಿದ್ದದ್ದು ಆಕಾಶದಲ್ಲಲ್ಲ, ನೆಲದ ಮೇಲೆ. ಅಲ್ಲಿ ನಿದ್ದೆಯ ಆಸೆ, ಇಲ್ಲಿ ಮದುವೆಯ ಮುಹೂರ್ತ. 'ಹೇಗೂ ಹೊರಟಾಗಿದೆ, ಹೋಗಿಬಿಡೋಣ' ಎಂಬ ಮನಸ್ಸು ನಮಗೆಲ್ಲ ಪರಿಚಿತವಾದದ್ದೇ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಒತ್ತಡ ಸೇರುತ್ತದೆ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟಿದ್ದ ಸಣ್ಣ ವಿಮಾನ ಮೈನ್‌ಪುರಿಯ ಬಳಿ ಬಿದ್ದು ಎಂಟೂ ಮಂದಿ ಸತ್ತರು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದು ಐವರು ಅಳಿದರು. ಇವುಗಳ ತಾಂತ್ರಿಕ ವಿವರ ಬೇರೆ ಬೇರೆ. ಮೇಲೆ ಹೇಳಿದ ಭ್ರಮೆಯನ್ನೇ ಇವಕ್ಕೆಲ್ಲ ಅಂಟಿಸುವುದು ತಪ್ಪಾಗುತ್ತದೆ. ಆದರೆ ಸನ್ನಿವೇಶ ಒಂದೇ: ಹವೆ ಕೆಟ್ಟಿತ್ತು, ಅತ್ತ ಜನ ಕಾದಿದ್ದರು. ದೊಡ್ಡವರು ಹಿಂದೆ ಕುಳಿತಿರುವಾಗ 'ಇಂದು ಬೇಡ ಸಾರ್' ಎನ್ನಲು ಪೈಲಟನಿಗೆ ಎಷ್ಟು ಧೈರ್ಯ ಬೇಕೆಂದು ನೀವೇ ಊಹಿಸಿ. ಆ ಮಾತಿಗೆ ಮರ್ಯಾದೆ ಕೊಡುವುದು ಪ್ರಯಾಣಿಕನ ಹೊಣೆಯೂ ಹೌದು.

ಇಲಿನಾಯ್ ಪ್ರಯೋಗದ ಉಳಿದರ್ಧವನ್ನು ಹೇಳಿ ಮುಗಿಸುತ್ತೇನೆ. 178 ಸೆಕೆಂಡಿನ ಮಾತು ಎಲ್ಲರ ಬಾಯಲ್ಲೂ ಉಳಿಯಿತು. ಪ್ರಯೋಗದ ಗುರಿ ಏನೆಂಬುದು ಮರೆತುಹೋಯಿತು. ಮೋಡ ಹೊಕ್ಕವರಿಗೆ ನಿಧಾನವಾಗಿ ಅರ್ಧ ಸುತ್ತು ಹಾಕಿ ಬಂದ ದಾರಿಯಲ್ಲೇ ಹೊರಬರುವುದನ್ನು ಕಲಿಸುವುದೇ ಆ ಪ್ರಯೋಗದ ಉದ್ದೇಶ. ಮೊದಲು ಸೋತ ಅದೇ ಶಿಷ್ಯರು, ಸ್ವಲ್ಪ ಪಾಠವಾದ ಮೇಲೆ ಹೆಚ್ಚುಕಡಿಮೆ ಪ್ರತಿಸಲವೂ ಕ್ಷೇಮವಾಗಿ ಹಿಂತಿರುಗಿದರು. ಹಾರುವುದನ್ನು ಕಲಿತವನು ಹಿಂತಿರುಗುವುದನ್ನೂ ಕಲಿಯಬಲ್ಲ. ಹಿಂತಿರುಗಿದವನನ್ನು ಹೇಡಿಯೆನ್ನದಿರುವುದನ್ನು ನಾವು ಕಲಿಯಬೇಕು.