ಸ್ಮೋಕ್ ಅಲಾರಂ ಒಂದೇ ಇದ್ರೆ ಎಲ್ಲಿ ಹಾಕ್ತೀರಾ?

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಹತ್ರ ಒಂದೇ ಒಂದು ಸ್ಮೋಕ್ ಅಲಾರಂ ಇದೆ ಅಂದ್ಕೊಳ್ಳಿ. ಮನೇಲಿ ಎಲ್ಲಿ ಹಾಕ್ತೀರಾ? ಅಡುಗೆಮನೆ ಅಂತ ಬಾಯಿಗೆ ಬಂತಲ್ವಾ? ಬೇಡ. ಮಲಗೋ ಕೋಣೆಯ ಬಾಗಿಲ ಹೊರಗೆ, ಸೀಲಿಂಗ್ ಮೇಲೆ ಹಾಕಿ.

ಯಾಕೆ ಅಂದ್ರೆ, ಎಚ್ಚರ ಇದ್ದಾಗ ನಮ್ಮ ಮೂಗೇ ಅಲಾರಂ. ನಿದ್ದೆಯಲ್ಲಿ ಮೂಗು ನಮ್ಮನ್ನ ಎಬ್ಬಿಸುತ್ತೆ ಅಂತ ನಂಬೋ ಹಾಗಿಲ್ಲ, ಶಬ್ದ ಎಬ್ಬಿಸುತ್ತೆ. ಬೆಂಕಿ ಹತ್ತಿರ ಬರೋದಕ್ಕೂ ಮೊದಲು ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಮನುಷ್ಯನನ್ನ ಮಂಪರಿಗೆ ತಳ್ಳುತ್ತೆ. ಆಮೇಲೆ ಎದ್ದು ಓಡೋಕೂ ಆಗಲ್ಲ.

ಇನ್ನು ಅಡುಗೆಮನೆ. ಒಣಮೆಣಸಿನಕಾಯಿ ಒಗ್ಗರಣೆಗೆ ಮನೆಮಂದಿಯೆಲ್ಲ ಕೆಮ್ಮೋ ಊರು ನಮ್ದು. ಅಲ್ಲಿ ಸ್ಮೋಕ್ ಅಲಾರಂ ಹಾಕಿದ್ರೆ ದಿನಾ ಎರಡು ಸಲ ಕೂಗುತ್ತೆ. ಮೂರನೇ ದಿನ ಅಮ್ಮ ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತು ಟಿವಿ ರಿಮೋಟ್‌ಗೆ ಹಾಕ್ತಾರೆ. ಹಾಗಾಗಿ ಒಲೆಯಿಂದ ಕನಿಷ್ಠ 10 ಅಡಿ ದೂರ ಇರಲಿ. ದೇವರ ಮನೆಯ ಧೂಪ, ಬಚ್ಚಲುಮನೆಯ ಆವಿ ತಾಗೋ ಜಾಗವೂ ಬೇಡ. ಅಡುಗೆಮನೆಗೆ ಸರಿಹೋಗೋದು ಹೀಟ್ ಡಿಟೆಕ್ಟರ್. ಅದು ಹೊಗೆಗೆ ಕ್ಯಾರೇ ಅನ್ನಲ್ಲ. ಸಾಮಾನ್ಯವಾಗಿ ಸುತ್ತಲಿನ ಗಾಳಿ ಸುಮಾರು 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೂಗುತ್ತೆ. ಶಾಖ ದಿಢೀರ್ ಅಂತ ಏರಿದ್ರೆ ಕೂಗೋ ಮಾಡೆಲ್ಲೂ ಇದೆ. ಆದ್ರೆ ಅಷ್ಟು ಬಿಸಿಯಾಗೋ ಹೊತ್ತಿಗೆ ತಡ ಆಗಿರುತ್ತೆ. ಹಾಗಾಗಿ ಬೆಡ್‌ರೂಮಿಗೆ ಅದನ್ನೇ ಸಾಕು ಅನ್ಕೋಬೇಡಿ.

ಎರಡನೇ ಅಲಾರಂ ತಗೊಂಡ್ರೆ ಅದು ಬೆಡ್‌ರೂಮ್ ಒಳಗೆ. ಆಗ ಅಡ್ಡ ಬರೋದು ನಮ್ಮ ಸೀಲಿಂಗ್ ಫ್ಯಾನ್! ಫ್ಯಾನಿನ ಗಾಳಿ ಹೊಗೆಯನ್ನ ಅಲಾರಂ ಹತ್ರ ಸೇರೋಕೇ ಬಿಡದೆ ಚದುರಿಸುತ್ತೆ. ರೆಕ್ಕೆಯ ತುದಿಯಿಂದ 3 ಅಡಿ ದೂರ ಇರಬೇಕು ಅನ್ನೋದು ಅಮೆರಿಕದ ಎನ್‌ಎಫ್‌ಪಿಎ ನಿಯಮ. ನಾನು ಬಿಕಾಂ, ಎಂಜಿನಿಯರ್ ಅಲ್ಲ, ಆದ್ರೂ ಲೆಕ್ಕ ಹಾಕೋಣ. 10ಕ್ಕೆ 10 ಅಡಿ ರೂಮು, ಮಧ್ಯದಲ್ಲಿ 4 ಅಡಿ ಅಗಲದ ಫ್ಯಾನು. ಮಧ್ಯದಿಂದ ತುದಿಗೆ 2 ಅಡಿ, ಅದರ ಮೇಲೆ 3 ಅಡಿ. ನೇರ ಹೋದ್ರೆ ಗೋಡೆಗೇ ಮುಟ್ಟಿದ್ವಿ. ಮೂಲೆ ಕಡೆ ಓರೆಯಾಗಿ ಹೋಗಿ, ಎರಡೂ ಗೋಡೆಯಿಂದ ಒಂದೊಂದು ಅಡಿ ಬಿಟ್ಟು ಹಾಕಿ, ಜಾಗ ಸಿಗುತ್ತೆ. ಮೂಲೆಗೇ ಒತ್ತಿ ಹಾಕಬೇಡಿ, ಅಲ್ಲಿ ಗಾಳಿ ಸರಿಯಾಗಿ ಆಡಲ್ಲ. ಗೋಡೆಯಿಂದ 4 ಇಂಚಾದ್ರೂ ಅಂತರ ಬೇಕು. ಎಸಿ ಗಾಳಿ ನೇರ ಬೀಸೋ ಕಡೆಯೂ ಬೇಡ.

ಸ್ಕೂಟರ್ ಬ್ಯಾಟರಿನ ಮೂರನೇ ಮಹಡಿಗೆ ಹೊತ್ತು ತಂದು, ಹಾಲ್‌ನಲ್ಲಿ ಮುಂಬಾಗಿಲ ಪಕ್ಕದ ಪ್ಲಗ್ಗಿಗೆ ಹಾಕಿ ಮಲಗೋರು ಇದನ್ನ ಕೇಳ್ತಿದ್ರೆ, ದಯವಿಟ್ಟು ಇವತ್ತೇ ಜಾಗ ಬದಲಾಯಿಸಿ. ಲಿಥಿಯಂ ಬ್ಯಾಟರಿ ಹೊತ್ಕೊಂಡ್ರೆ ಸಿಗೋ ಸಮಯ ತುಂಬಾ ಕಡಿಮೆ. ಹೊರಗೆ ಹೋಗೋ ಬಾಗಿಲೇ ಉರೀತಿದ್ರೆ ಅಲಾರಂ ಕೂಗಿ ಏನು ಪ್ರಯೋಜನ? ಎದ್ದಿರುವಾಗಲೇ ಚಾರ್ಜ್ ಮಾಡಿ.

ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಕೆಲವು ಡಿಟೆಕ್ಟರ್‌ಗಳು ಆಫೀಸ್ ಕಟ್ಟಡಗಳವು. ವೈರ್ ಎಳೆದು ಪ್ಯಾನೆಲ್‌ಗೆ ಜೋಡಿಸದಿದ್ರೆ ಅವು ತುಟಿ ಬಿಚ್ಚಲ್ಲ. ಬ್ಯಾಟರಿ ಮತ್ತು ಸೈರನ್ ಎರಡೂ ಒಳಗೇ ಇದೆಯಾ ನೋಡಿ. ಓನರ್ ಡ್ರಿಲ್ ಮಾಡೋಕೆ ಬಿಡದಿದ್ರೆ ಅಂಟು ಪಟ್ಟಿ ಜೊತೆ ಬರೋವೂ ಇವೆ. 10 ವರ್ಷ ಆದ್ಮೇಲೆ ಬದಲಾಯಿಸಿ. ಗ್ಯಾಸ್ ಲೀಕ್ ಡಿಟೆಕ್ಟರ್ ಬೇರೆ ವಸ್ತು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಅದು ನೆಲದ ಹತ್ರ ಇರಬೇಕು.

ಹಾಕಿದ ದಿನ ಬೆಡ್‌ರೂಮ್ ಬಾಗಿಲು ಮುಚ್ಚಿ, ಫ್ಯಾನ್ ಜೋರಾಗಿ ಇಟ್ಟು ಒಳಗೆ ಕೂತ್ಕೊಳ್ಳಿ. ಹೊರಗಿನ ಅಲಾರಂನ ಟೆಸ್ಟ್ ಬಟನ್ ಯಾರಾದ್ರೂ ಒತ್ತಲಿ. ಕೇಳಿಸ್ತಾ? ಅಜ್ಜಿಗೂ ಕೇಳಿಸ್ತಾ? ಇಲ್ಲ ಅಂದ್ರೆ ಅಜ್ಜಿ ರೂಮಿಗೂ ಒಂದು ಬೇಕು. ತಿಂಗಳಿಗೊಮ್ಮೆ ಬಟನ್ ಒತ್ತಿ. ಒತ್ತೋಕೆ ಮೊದಲು ಪಕ್ಕದ ಮನೆಯವರಿಗೆ ಹೇಳಿಬಿಡಿ, 85 ಡೆಸಿಬಲ್ ಅಂದ್ರೆ ಕಡಿಮೆ ಸದ್ದಲ್ಲ.